ನೆಂಟರ ಬಾಬ್ತು

ನಗರದ ಮನೆಗಳ ತಿಂಗಳ ಖರ್ಚಿನ ಪಟ್ಟಿಯಲ್ಲಿ ಬಾಡಿಗೆ, ದಿನಸಿ, ಹಾಲು, ಶಾಲೆಯ ಫೀಸು, ಸಾಲದ ಕಂತು ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ. ನೆಂಟರಿಷ್ಟರ ಹೋಗುಬರುವಿಕೆಗೆ ಇರುವುದಿಲ್ಲ. ಆ ಖರ್ಚು ‘ಇತರೆ’ ಎಂಬ ಸಾಲಿನಲ್ಲೋ, ‘ಈ ತಿಂಗಳು ಯಾಕೋ ಜಾಸ್ತಿಯಾಯಿತು’ ಎಂಬ ಮಾತಿನಲ್ಲೋ ಕರಗಿಹೋಗುತ್ತದೆ. ವರ್ಷದ ಲೆಕ್ಕ ಕೂಡಿಸಿ ನೋಡಿದರೆ ಇದು ಅಕಸ್ಮಾತ್ತಾಗಿ ಬಂದೆರಗುವ ಖರ್ಚಲ್ಲ. ಬರುವ ದಿನ ಗೊತ್ತಿರುವುದಿಲ್ಲ, ಬರುವುದಂತೂ ಖಂಡಿತ. ಆದ್ದರಿಂದ ಇದನ್ನು ತಿಂಗಳ ಖರ್ಚೆಂದು ನೋಡುವ ಬದಲು, ವಿಮೆಯ ಕಂತು, ಮನೆ ಕಂದಾಯಗಳ ಹಾಗೆ ವರ್ಷದ ಖರ್ಚೆಂದು ನೋಡುವುದು ಸರಿಯಾದ ಕ್ರಮ.

ಬೆಂಗಳೂರಿನ ಹನುಮಂತನಗರ, ತ್ಯಾಗರಾಜನಗರ, ರಾಜಾಜಿನಗರದಂಥ ಹಳೆಯ ಬಡಾವಣೆಗಳಲ್ಲಿ ಈ ಬಾಬ್ತಿಗೆ ಒಂದು ಋತುಮಾನವೇ ಇದೆ. ಏಪ್ರಿಲ್‌–ಮೇ ತಿಂಗಳ ರಜೆಗೆ ಅಕ್ಕ-ತಂಗಿಯರ ಮಕ್ಕಳು ಬರುತ್ತಾರೆ. ಶ್ರಾವಣದ ವರಮಹಾಲಕ್ಷ್ಮಿಯಿಂದ ಗೌರಿ-ಗಣೇಶದವರೆಗೆ ಹಬ್ಬದ ಓಡಾಟ, ಆಮೇಲೆ ದಸರಾ ರಜೆ. ಮಾಘದಿಂದ ವೈಶಾಖದವರೆಗೆ ಮದುವೆ-ಮುಂಜಿಗಳು. ಪಂಚಾಂಗಕ್ಕೆ ಸಿಗದ ಇನ್ನೊಂದು ಬಗೆಯ ಬರುವಿಕೆಯೂ ಉಂಟು: ಜಯದೇವ, ಕಿದ್ವಾಯಿ, ನಿಮ್ಹಾನ್ಸ್‌ ಆಸ್ಪತ್ರೆಗಳಿಗೆ ತೋರಿಸಿಕೊಳ್ಳಲು ಊರಿನಿಂದ ಬಂದವರು ಇಳಿದುಕೊಳ್ಳುವುದು ನೆಂಟರ ಮನೆಯಲ್ಲೇ. ಮಲೆನಾಡಿನಿಂದಲೋ ಉತ್ತರ ಕರ್ನಾಟಕದಿಂದಲೋ ಬಂದು ನೆಲೆಸಿದ ಕುಟುಂಬವೊಂದರ ಮನೆ, ಆ ತಾಲ್ಲೂಕಿನ ಅರ್ಧ ಬಂಧುಬಳಗಕ್ಕೆ ಬೆಂಗಳೂರಿನ ವಿಳಾಸವಾಗಿರುತ್ತದೆ. ಈ ಅಂಕಣಕಾರರ ಮನೆಯೂ ಸಾಗರದ ಕಡೆಯವರಿಗೆ ಅಂಥದೊಂದು ವಿಳಾಸ. ಮುಂದಿನ ಮಾತುಗಳಿಗೆ ಅಲ್ಲಿನ ಲೆಕ್ಕದ ಪುಸ್ತಕವೇ ಆಧಾರ.

ನೆಂಟರು ಬಂದರೆ ಊಟ-ತಿಂಡಿಯ ಖರ್ಚು ಏರುತ್ತದೆಂಬುದು ಸಾಮಾನ್ಯ ತಿಳಿವಳಿಕೆ. ಪುಸ್ತಕ ಬೇರೆಯದನ್ನೇ ಹೇಳುತ್ತದೆ. ದಿನಕ್ಕೆ ಒಂದೂವರೆ ಲೀಟರ್‌ ಹಾಲು ಹೆಚ್ಚು ಕೊಂಡರೂ, ಲೀಟರಿಗೆ 50 ರೂಪಾಯಿ ಹಿಡಿದರೂ, ಹತ್ತು ದಿನಕ್ಕೆ 750 ರೂಪಾಯಿ. ಅಕ್ಕಿ, ಬೇಳೆ, ತರಕಾರಿಯ ಹೆಚ್ಚಳವೂ ಇದೇ ಅಳತೆಯದು. ಸಾರಿಗೆ ಇನ್ನೊಂದು ಹಿಡಿ ಬೇಳೆ, ಹುಳಿಗೆ ಇನ್ನೊಂದು ಸೌತೆಕಾಯಿ ಬಿದ್ದರೆ ನಾಲ್ವರ ಅಡಿಗೆ ಏಳು ಜನಕ್ಕೆ ಒದಗುತ್ತದೆ. ಮನೆಯಲ್ಲಿ ಬೇಯಿಸಿ ಬಡಿಸಿದ ಊಟದಿಂದ ಯಾವ ಸಂಸಾರವೂ ಕೈ ಕಚ್ಚಿಸಿಕೊಳ್ಳುವುದಿಲ್ಲ.

ಕೈ ಕಚ್ಚುವುದು ಮಿತಿ ದಾಟಿದಾಗ. ವಿದ್ಯುತ್ತಿನ ಬಿಲ್‌ ಇದಕ್ಕೆ ಒಳ್ಳೆಯ ಉದಾಹರಣೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಬಳಕೆಯ ಸರಾಸರಿಯ ಮೇಲೆ ಒಂದು ಉಚಿತ ಮಿತಿ ನಿಗದಿಯಾಗಿದೆ. ಆ ಮಿತಿ ದಾಟಿ 200 ಯೂನಿಟ್‌ ಒಳಗೇ ಇದ್ದರೆ ಹೆಚ್ಚುವರಿ ಯೂನಿಟ್ಟಿಗಷ್ಟೇ ಹಣ ಕಟ್ಟಬೇಕು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್‌ ಕಟ್ಟಬೇಕು. ಒಂದು ಬಕೆಟ್‌ ಸ್ನಾನಕ್ಕೆ ಗೀಸರಿನಲ್ಲಿ ನೀರು ಕಾಯಿಸಲು ಸರಿಸುಮಾರು ಅರ್ಧ ಯೂನಿಟ್‌ ಬೇಕು. ನಾಲ್ಕು ಜನ ಹತ್ತು ದಿನ ಉಳಿದರೆ ಸ್ನಾನಕ್ಕೇ 20 ಯೂನಿಟ್‌. ಅದರ ಜೊತೆ ಎರಡು ಫ್ಯಾನು, ವಾಷಿಂಗ್‌ ಮಷಿನ್ನಿನ ಇನ್ನೆರಡು ಸುತ್ತು. 175 ಯೂನಿಟ್ಟಿನಲ್ಲಿದ್ದ ಮನೆ 200ರ ಗೆರೆ ದಾಟಲು ಇಷ್ಟು ಸಾಕು, ಸಾವಿರ ರೂಪಾಯಿಗೂ ಮೀರಿದ ಬಿಲ್‌ ಕೈಗೆ ಬರುತ್ತದೆ. ಮೀಟರ್‌ ಓದುವ ದಿನಾಂಕ ಗೊತ್ತಿದ್ದರೆ ಇದನ್ನು ಮೊದಲೇ ಕಾಣಬಹುದು, ಯಾಕೆಂದರೆ ಬಿಲ್ಲಿನ ತಿಂಗಳು ಕ್ಯಾಲೆಂಡರಿನ ತಿಂಗಳಲ್ಲ. ಓದುವ ದಿನ ತಿಂಗಳ ಮಧ್ಯದಲ್ಲಿದ್ದು ನೆಂಟರು ಅದರ ಆಚೀಚೆ ಇದ್ದರೆ ಬಳಕೆ ಎರಡು ಬಿಲ್ಲಿಗೆ ಹಂಚಿಹೋಗುತ್ತದೆ. ಹಾಗೆಂದು ಬಂದವರ ಬಿಸಿನೀರಿಗೆ ಕಡಿವಾಣ ಹಾಕಬೇಕಾಗಿಲ್ಲ. ಬಿಲ್‌ ಬರುವ ತಿಂಗಳು ಯಾವುದೆಂದು ತಿಳಿದು ಹಣ ತೆಗೆದಿಟ್ಟರೆ ಸಾಕು.

ನೀರಿನದೂ ಇದೇ ಕಥೆ. ಜಲಮಂಡಳಿಯ ದರ ಬಳಕೆ ಏರಿದಂತೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕಾವೇರಿ ಸಂಪರ್ಕವಿಲ್ಲದ ಹೊರವಲಯದ ಬಡಾವಣೆಗಳಲ್ಲಿ ಟ್ಯಾಂಕರೇ ಗತಿ. 2024ರ ಮಾರ್ಚಿನ ಬರದಲ್ಲಿ ಜಿಲ್ಲಾಡಳಿತ ದರ ಕಟ್ಟಿದಾಗ 5 ಕಿಲೋಮೀಟರ್‌ ಒಳಗೆ 6,000 ಲೀಟರಿಗೆ 600 ರೂಪಾಯಿ ಎಂದು ನಿಗದಿ ಮಾಡಿತ್ತು. ಬೇಸಗೆ ರಜೆಯ ನೆಂಟರೂ ಬೇಸಗೆಯ ನೀರಿನ ಕೊರತೆಯೂ ಒಟ್ಟಿಗೇ ಬರುವುದರಿಂದ ಅಂಥ ಮನೆಗಳವರು ಮೇ ತಿಂಗಳಿಗೆ ಒಂದು ಟ್ಯಾಂಕರ್‌ ಹೆಚ್ಚು ಹಿಡಿಯುವುದು ಒಳ್ಳೆಯದು.

ಇಷ್ಟಾದರೂ ಇವೆಲ್ಲ ಸಣ್ಣ ಮೊತ್ತಗಳು. ದೊಡ್ಡದು ಮನೆಯ ಹೊರಗಿನದು. ಬಂದವರನ್ನು ಊರು ತೋರಿಸಲು ಕರೆದೊಯ್ಯುವ ಒಂದು ಭಾನುವಾರ, ಹತ್ತು ದಿನದ ಅಡಿಗೆಮನೆಯ ಹೆಚ್ಚಳವನ್ನು ಸರಿಗಟ್ಟುತ್ತದೆ. ಏಳು ಜನಕ್ಕೆ ಎರಡು ಟ್ಯಾಕ್ಸಿ, ಮಧ್ಯಾಹ್ನದ ಹೋಟೆಲ್‌ ಊಟ, ಸಂಜೆ ಐಸ್‌ಕ್ರೀಂ, ದಾರಿಯಲ್ಲಿ ಸೀರೆ ಅಂಗಡಿ. ಇದನ್ನು ಬಿಟ್ಟುಬಿಡಿ ಎನ್ನುವುದು ಸಲ್ಲದ ಸಲಹೆ, ಮಕ್ಕಳು ವರ್ಷವಿಡೀ ನೆನೆಯುವುದು ಆ ದಿನವನ್ನೇ. ಆದರೆ ದಾರಿ ಆರಿಸಿಕೊಳ್ಳಬಹುದು. ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ 2023ರ ಜೂನ್‌ 11ರಿಂದ ಟಿಕೆಟ್‌ ದರವಿಲ್ಲ. ಅತ್ತೆ, ಅಕ್ಕ, ಅತ್ತಿಗೆಯರೇ ಹೆಚ್ಚಿರುವ ತಂಡಕ್ಕೆ ಬಸವನಗುಡಿಯಿಂದ ಲಾಲ್‌ಬಾಗಿಗೆ ಹೋಗುವ ಖರ್ಚು ಹೆಚ್ಚೂಕಮ್ಮಿ ಇಲ್ಲವೆಂದೇ ಹೇಳಬೇಕು. ಮೆಟ್ರೊ ಮೊದಲಿನಷ್ಟು ಅಗ್ಗವಾಗಿ ಉಳಿದಿಲ್ಲ: 2025ರ ಫೆಬ್ರುವರಿಯ ಪರಿಷ್ಕರಣೆಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಆದರೂ ಊರಿನಿಂದ ಬಂದ ಮಕ್ಕಳಿಗೆ ಮೆಟ್ರೊ ಹತ್ತುವುದೇ ಒಂದು ಪ್ರವಾಸ, ಅದಕ್ಕೆ ಕೊಟ್ಟ ಹಣ ವ್ಯರ್ಥವಲ್ಲ.

ದಿನದಿನದ ಕೊಳ್ಳುವಿಕೆಯಲ್ಲಿ ಹಳೆಯ ಬಡಾವಣೆಗಳಿಗೆ ಒಂದು ಅನುಕೂಲ ಉಳಿದುಕೊಂಡಿದೆ, ಅದು ವರ್ತನೆ, ಎಂದರೆ ದಿನವೂ ತಂದುಕೊಟ್ಟು ತಿಂಗಳಿಗೊಮ್ಮೆ ಹಣ ಪಡೆಯುವ ವಾಡಿಕೆ. ಹೂವಿನವರು ಬೆಳಿಗ್ಗೆ ಬಾಗಿಲು ತಟ್ಟುವುದಿಲ್ಲ; ಗೇಟಿನ ಕೊಕ್ಕೆಗೆ ನೇತುಹಾಕಿದ ಚೀಲದಲ್ಲಿ ಒಂದು ಮೊಳ ಸೇವಂತಿಗೆಯನ್ನೋ ಎರಡು ಹಿಡಿ ಬಿಡಿಹೂವನ್ನೋ ಹಾಕಿ ಮುಂದೆ ಹೋಗುತ್ತಾರೆ. ಒಳಗೆ ಬೆಂಗಳೂರು ಪ್ರೆಸ್‌ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಪೆನ್ಸಿಲ್‌ ಗುರುತು ಬೀಳುತ್ತದೆ: ಹಾಲಿಗೆ ಒಂದು ಅಂಕಿ, ಹೂವಿಗೆ ಒಂದು ಅಡ್ಡಗೆರೆ, ತಾರದ ದಿನ ಸೊನ್ನೆ. ತಿಂಗಳ ಕೊನೆಗೆ ಎರಡೂ ಕಡೆಯವರು ಅದೇ ಹಾಳೆಯ ಮುಂದೆ ನಿಂತು ಲೆಕ್ಕ ಮುಗಿಸುತ್ತಾರೆ. ನೆಂಟರು ಬಂದ ದಿನಗಳಲ್ಲಿ ಚೌಕದ ಅಂಕಿ ದೊಡ್ಡದಾಗುವುದರಿಂದ, ಹಳೆಯ ಕ್ಯಾಲೆಂಡರುಗಳನ್ನು ರದ್ದಿಗೆ ಹಾಕದೆ ಇಟ್ಟುಕೊಂಡ ಮನೆಯಲ್ಲಿ ನೆಂಟರ ವರ್ಷದ ಪೂರ್ತಿ ದಾಖಲೆ ಸಿಗುತ್ತದೆ. ಮುಂದಿನ ವರ್ಷದ ಅಂದಾಜಿಗೆ ಅದಕ್ಕಿಂತ ನಂಬಿಕೆಯ ಕಾಗದ ಬೇರೆ ಇಲ್ಲ. ವರಮಹಾಲಕ್ಷ್ಮಿಯ ಹಿಂದಿನ ದಿನ ಕೆ.ಆರ್‌. ಮಾರುಕಟ್ಟೆಯಲ್ಲಿ ಹೂವಿನ ಬೆಲೆ ಹಲವು ಪಟ್ಟು ಏರಿದಾಗಲೂ ವರ್ತನೆಯ ಮನೆಗಳಿಗೆ ಎಂದಿನ ದರಕ್ಕಿಂತ ಸ್ವಲ್ಪವೇ ಹೆಚ್ಚು ತೆಗೆದುಕೊಳ್ಳುವ ಹೂವಿನವರಿದ್ದಾರೆ.

ಬೀದಿಯ ಕೊನೆಯ ದಿನಸಿ ಅಂಗಡಿಯ ಲೆಕ್ಕವೂ ಇಂಥದ್ದೇ. ರಾತ್ರಿ ಹತ್ತಕ್ಕೆ ಬಸ್ಸಿಳಿದು ಬಂದವರಿಗೆ ಅವಲಕ್ಕಿ ಬೇಕಾದರೆ ಅಂಗಡಿಯವರು ಅರ್ಧ ಮುಚ್ಚಿದ ಷಟರ್‌ ಎತ್ತಿ ಕೊಡುತ್ತಾರೆ, ಹೆಚ್ಚಾದ ತೆಂಗಿನಕಾಯಿಯನ್ನು ಮರುದಿನ ವಾಪಸು ತೆಗೆದುಕೊಳ್ಳುತ್ತಾರೆ. ಹತ್ತು ನಿಮಿಷದಲ್ಲಿ ತಂದುಕೊಡುವ ಆ್ಯಪ್‌ಗಳಲ್ಲಿ ಸಾಗಣೆಯ ಹಣ ಉಳಿಸಲು ಬೇಡದ್ದನ್ನೂ ಬುಟ್ಟಿಗೆ ಸೇರಿಸುವ ಚಾಳಿ ಹತ್ತುತ್ತದೆ. ನೆಂಟರಿರುವ ವಾರದಲ್ಲಿ ಇದು ಹೆಚ್ಚು, ಏಕೆಂದರೆ ಮನೆಯ ಇಬ್ಬರು ಮೂವರು ಬೇರೆ ಬೇರೆ ಮೊಬೈಲಿನಿಂದ ತರಿಸುತ್ತಿರುತ್ತಾರೆ. ಹತ್ತಿಪ್ಪತ್ತು ರೂಪಾಯಿಯ ಯುಪಿಐ ಪಾವತಿಗಳಂತೂ ಯಾರ ಲೆಕ್ಕಕ್ಕೂ ಸೇರುವುದಿಲ್ಲ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳಿಗೆ ಹೆದರಿ ಬೆಂಗಳೂರಿನ ಅನೇಕ ಸಣ್ಣ ಅಂಗಡಿಗಳವರು ‘ಯುಪಿಐ ಇಲ್ಲ, ನಗದು ಮಾತ್ರ’ ಎಂದು ಬರೆದು ಹಾಕಿದ್ದರು. ಅದು ವ್ಯಾಪಾರಿಗಳಿಗೆ ಸಂಕಟದ ಕಾಲ. ಪರ್ಸು ತೆರೆದು ನೋಟು ಎಣಿಸಿ ಕೊಡಬೇಕಾಗಿ ಬಂದಾಗ ಸಣ್ಣ ಖರ್ಚು ಮತ್ತೆ ಕಣ್ಣಿಗೆ ಬಿದ್ದುದೂ ನಿಜ. ನೆಂಟರಿರುವ ದಿನಗಳ ಹೊರಗಿನ ಖರ್ಚಿಗೆ ಒಂದು ಲಕೋಟೆಯಲ್ಲಿ ನಗದು ಇಟ್ಟು, ಮನೆಮಂದಿಯೆಲ್ಲ ಅದರಿಂದಲೇ ತೆಗೆಯುವ ರೂಢಿ ಈ ಕಾರಣಕ್ಕೆ ಒಳ್ಳೆಯದು.

ಇನ್ನು ಕೊಡುವ-ಕೊಳ್ಳುವ ಬಾಬ್ತು. ಬಂದ ಹೆಂಗಸರಿಗೆ ಅರಿಶಿನ-ಕುಂಕುಮ, ತಾಂಬೂಲ, ರವಿಕೆ ಕಣ; ಮಕ್ಕಳ ಕೈಗೆ ನೂರೋ ಇನ್ನೂರೋ; ಹಿರಿಯರಿಗೆ ಹೊರಡುವಾಗ ಹಣ್ಣು. ಲೆಕ್ಕ ಬರೆಯುವ ಮನೆಗಳೂ ಇಲ್ಲಿ ಒಂದು ಮಗ್ಗುಲನ್ನು ಬಿಟ್ಟುಬಿಡುತ್ತವೆ: ನೆಂಟರು ಬರಿಗೈಲಿ ಬರುವುದಿಲ್ಲ. ಸಾಗರದಿಂದ ಹೊರಟ ಚೀಲದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಹತ್ತು ತೆಂಗಿನಕಾಯಿ, ಒಂದು ಗೊನೆ ಬಾಳೆ ಇರುತ್ತದೆ. ಪೇಟೆಯ ಬೆಲೆ ಹಿಡಿದರೆ ಅಡಿಗೆಮನೆಯ ಹೆಚ್ಚಳ ಅಲ್ಲಿಗೇ ತೀರಿಹೋಗುವುದುಂಟು. ಬೆಲೆ ಕಟ್ಟುವುದು ಋಣ ತೂಗಲು ಅಲ್ಲ. ‘ನೆಂಟರೆಂದರೆ ಖರ್ಚು’ ಎಂಬ ಭಾವನೆ ಲೆಕ್ಕದಲ್ಲೂ ನಿಲ್ಲುವುದಿಲ್ಲ ಎಂಬುದು ಮನೆಯವರಿಗೆ ಕಾಣಬೇಕು, ಅದಕ್ಕೆ.

ಮದುವೆಯ ಮುಯ್ಯಿಯ ವಿಚಾರ ಸ್ವಲ್ಪ ಬೇರೆ. ಯಾರು ಎಷ್ಟು ಕೊಟ್ಟರೆಂಬ ಪುಸ್ತಕ ಅನೇಕ ಮನೆಗಳಲ್ಲಿದೆ, ತಿರುಗಿ ಕೊಡುವಾಗ ಅದನ್ನು ತೆರೆದು ನೋಡುತ್ತಾರೆ. ಇಪ್ಪತ್ತೈದು ವರ್ಷದ ಹಿಂದೆ ಬಂದ 101 ರೂಪಾಯಿಗೆ ಇಂದು 101 ಕೊಟ್ಟರೆ ಮುಯ್ಯಿ ತೀರಿತೆನ್ನಲಾಗದು. ಬೆಲೆಯೇರಿಕೆ ವರ್ಷಕ್ಕೆ ಶೇ 6ರಂತೆ ಇದ್ದರೆ ಹನ್ನೆರಡು ವರ್ಷಕ್ಕೊಮ್ಮೆ ಮೊತ್ತ ಇಮ್ಮಡಿಯಾಗುತ್ತದೆ, ಅಂದಿನ 101 ಇಂದಿನ ನಾನೂರರ ಮೇಲೆ. ಆದಾಯ ತೆರಿಗೆಯ ಒಂದು ನಿಯಮವನ್ನೂ ಇಲ್ಲಿ ತಿಳಿದಿರಬೇಕು. ಮದುವೆಯಲ್ಲಿ ವಧೂವರರಿಗೆ ಬಂದ ಉಡುಗೊರೆಗೆ ತೆರಿಗೆಯಿಲ್ಲ. ಬೇರೆ ಸಂದರ್ಭದಲ್ಲಿ ಕಾನೂನು ಹೇಳುವ ‘ಸಂಬಂಧಿ’ಗಳಿಂದ ಬಂದರೆ ಮಾತ್ರ ಪೂರ್ತಿ ವಿನಾಯಿತಿ, ಉಳಿದವರಿಂದ ಬಂದದ್ದು ವರ್ಷಕ್ಕೆ ಒಟ್ಟು 50,000 ರೂಪಾಯಿ ದಾಟಿದರೆ ಅಷ್ಟೂ ಆದಾಯಕ್ಕೆ ಸೇರುತ್ತದೆ. ಚಿಕ್ಕಪ್ಪ, ಸೋದರಮಾವ, ಅತ್ತೆ ಆ ಪಟ್ಟಿಯಲ್ಲಿದ್ದಾರೆ. ದೊಡ್ಡಪ್ಪನ ಮಗ, ಮನೆಯಲ್ಲಿ ಎಷ್ಟೇ ‘ಅಣ್ಣ’ನಾದರೂ, ಆ ಪಟ್ಟಿಯಲ್ಲಿಲ್ಲ. ಮನೆ ಕೊಳ್ಳುವಾಗ ಅಂಥವರಿಂದ ಕೈಸಾಲ ಪಡೆದರೆ ಅದು ಸಾಲವೆಂದೇ ಕಾಗದದಲ್ಲಿ ಬರೆದು, ಬ್ಯಾಂಕಿನ ಮೂಲಕವೇ ಪಡೆದು ತೀರಿಸುವುದು ಕ್ಷೇಮ.

ಊರಿಗೆ ಹೋಗುವ ಖರ್ಚೂ ಇದೇ ಬಾಬ್ತಿನ ಇನ್ನರ್ಧ. ಇಲ್ಲಿ ಉಳಿತಾಯವೆಲ್ಲ ದಿನಾಂಕದಲ್ಲಿದೆ. ರೈಲಿನ ಮುಂಗಡ ಕಾಯ್ದಿರಿಸುವಿಕೆ 2024ರ ನವೆಂಬರ್‌ 1ರಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಗಣೇಶನ ಹಬ್ಬಕ್ಕೆ ಸಾಗರದ ದಾರಿಯ ತಾಳಗುಪ್ಪದ ರೈಲು ಹಿಡಿಯುವವರು ಕಾಯ್ದಿರಿಸುವಿಕೆ ತೆರೆಯುವ ದಿನವನ್ನು ಮೊದಲೇ ಗುರುತು ಮಾಡಿಟ್ಟುಕೊಳ್ಳಬೇಕು. ಕೆಎಸ್‌ಆರ್‌ಟಿಸಿ ದರ 2025ರ ಜನವರಿ 5ರಿಂದ ಶೇ 15ರಷ್ಟು ಏರಿದರೂ, ನಾಲ್ಕು ಅಥವಾ ಹೆಚ್ಚು ಜನ ಒಂದೇ ಟಿಕೆಟ್ಟಿನಲ್ಲಿ ಕಾಯ್ದಿರಿಸಿದರೆ ಶೇ 5, ಹೋಗಿಬರುವ ಎರಡೂ ಟಿಕೆಟ್‌ ಒಟ್ಟಿಗೆ ತೆಗೆದರೆ ಮರಳುವ ಪಯಣಕ್ಕೆ ಶೇ 10 ರಿಯಾಯಿತಿ ಕೊಡುತ್ತ ಬಂದಿದೆ. ಹಬ್ಬದ ಹಿಂದಿನ ರಾತ್ರಿ ಖಾಸಗಿ ಬಸ್ಸಿಗೆ ಹೋದ ಕುಟುಂಬ ಒಂದೇ ಕಡೆಯ ದಾರಿಗೆ ಕೆಎಸ್‌ಆರ್‌ಟಿಸಿ ದರದ ಎರಡರಷ್ಟು ತೆರುವುದು ಸಾಮಾನ್ಯ.

ಇವೆಲ್ಲವನ್ನೂ ಕೂಡಿಸಿದಾಗ ಬರುವ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ ತಿಂಗಳು ತಿಂಗಳು ಬೇರೆ ಖಾತೆಗೆ ಹಾಕುವುದು ಉಳಿದ ಕೆಲಸ. ವರ್ಷಕ್ಕೆ 48,000 ಆಗುವ ಮನೆಗೆ ತಿಂಗಳಿಗೆ 4,000. ಹಣ ಬೇಕಾಗುವ ದಿನ ಮೊದಲೇ ಗೊತ್ತಿಲ್ಲದ ಕಾರಣ ಅವಧಿಗೆ ಕಟ್ಟಿಹಾಕುವ ಆರ್‌ಡಿಗಿಂತ ಪ್ರತ್ಯೇಕ ಉಳಿತಾಯ ಖಾತೆಯೇ ಹೆಚ್ಚು ಅನುಕೂಲ, ಬಡ್ಡಿ ಕಡಿಮೆಯಾದರೂ ಚಿಂತೆಯಿಲ್ಲ. ಇದನ್ನು ಮಾಡದ ಮನೆಯಲ್ಲಿ ಮೇ ತಿಂಗಳ ಹೊರೆ ಕ್ರೆಡಿಟ್‌ ಕಾರ್ಡಿನ ಮೇಲೆ ಬಿದ್ದು, ಜೂನಿನ ಶಾಲಾ ಫೀಸಿನ ಜೊತೆ ಬಾಕಿ ಉಳಿಯುತ್ತದೆ. ಬಾಕಿಗೆ ತಿಂಗಳಿಗೆ ಶೇ 3ರಿಂದ 3.5ರಷ್ಟು ಬಡ್ಡಿ ಹಾಕುವ ಕಾರ್ಡುಗಳೇ ಹೆಚ್ಚು, ವರ್ಷಕ್ಕೆ ಅದು ಶೇ 36ರ ಮೇಲಾಗುತ್ತದೆ. ಖಾತೆಯಲ್ಲಿ ವರ್ಷದ ಕೊನೆಗೆ ಉಳಿದದ್ದನ್ನು ಬೇರೆ ಖರ್ಚಿಗೆ ತಿರುಗಿಸದೆ ಅಲ್ಲೇ ಬಿಡಬೇಕು. ಆಸ್ಪತ್ರೆಗೆಂದು ಬಂದವರು ಮೂರು ದಿನದ ಬದಲು ಮೂರು ವಾರ ಉಳಿಯಬೇಕಾಗಿ ಬಂದಾಗ, ಔಷಧಿಗೆ, ಆಟೊಗೆ, ವಾರ್ಡಿನಲ್ಲಿ ಕೂತವರ ಊಟಕ್ಕೆ ಹಣ ಒದಗುವುದು ಅದರಿಂದಲೇ.