ಬೆರಳ ತುದಿಯ ಬೆಳಕು

ಕೋವಿಡ್ ರೋಗಿಗಳಲ್ಲಿ ಕೆಲವರಿಗೆ ರಕ್ತದ ಆಮ್ಲಜನಕವು ಕುಗ್ಗಿದರೂ ಏದುಸಿರು ತೋರುವುದಿಲ್ಲ. ಈ ಕುಗ್ಗುವಿಕೆಯನ್ನು ತಿಳಿಸುವ ಪಲ್ಸ್ ಆಕ್ಸಿಮೀಟರಿನ ತತ್ತ್ವವೇನೆಂದು ನಾವು ನೋಡೋಣ.

ಆಮ್ಲಜನಕವನ್ನು ಹೊತ್ತ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಕಡಮೆಯಾಗಿಯೂ, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹೆಚ್ಚಾಗಿಯೂ ಹೀರುವುದು. ಆಮ್ಲಜನಕವಿಲ್ಲದುದರ ಗುಣ ಇದಕ್ಕೆ ವಿಪರೀತ. ಬೆರಳನ್ನು ಹಾಯ್ದು ಬಂದ ಈ ಎರಡು ಬೆಳಕುಗಳು ನಾಡಿಯೊಡನೆ ಏರಿಳಿಯುವ ಪ್ರಮಾಣವನ್ನು ಹೋಲಿಸಿ ಉಪಕರಣವು ಶೇಕಡಾ ಅಂಕಿಯನ್ನು ತೋರಿಸುವುದು. ಅದು 94ಕ್ಕಿಂತ ಕೆಳಗೆ ಇಳಿದರೆ ವೈದ್ಯರನ್ನು ಕಾಣಬೇಕೆಂದು 2021ರಲ್ಲಿ ಸೂಚನೆಯಿತ್ತು.

ಆದರೆ ಉಪಕರಣಕ್ಕೆ ಕಾಲಿಲ್ಲ. ಉಡುಪಿಯ ಡಾ. ಟಿ. ಎಂ. ಎ. ಪೈ ಆಸ್ಪತ್ರೆಯು 2020ರಲ್ಲಿಯೇ ಕೋವಿಡಿಗೆ ಮೀಸಲಾಗಿದ್ದಿತು. ಕಾಪು, ಕಾರ್ಕಳಗಳ ಹಳ್ಳಿಮನೆಯಲ್ಲಿ ಅಂಕಿ ಇಳಿಯುತ್ತಿರುವುದನ್ನು ಅಲ್ಲಿರುವ ವೈದ್ಯರು ಅರಿಯುವುದೆಂತು? ಈ ಕೊರತೆಯನ್ನು ತುಂಬಿದವರು ಮನೆಮನೆಗೆ ನಡೆದ ಆಶಾ ಕಾರ್ಯಕರ್ತೆಯರು ಮತ್ತು ಗ್ರಾಮ ಪಂಚಾಯತಿ ಕಾರ್ಯಪಡೆಯವರು. ಬೆರಳು ತಣ್ಣಗಿದ್ದರೆ ಅಂಕಿ ತಪ್ಪಬಹುದೆಂದು ಬಲ್ಲ ವಿದ್ಯಾರ್ಥಿಯೂ ಇಂಥ ಕಾಲದಲ್ಲಿ ನೆರೆಯವರ ಪ್ರಾಣ ಕಾಯಬಲ್ಲನು.