ಐದು ಮಹಾ ಅಳಿವುಗಳು: ನೂಲಿನ ಮೇಲೊಂದು ಪಾಠ

ತರಗತಿ: 9 ವಿಷಯ: ವಿಜ್ಞಾನ ಅವಧಿ: 40 ನಿಮಿಷ
ಕಲಿಕೋಪಕರಣಗಳು: 4.5 ಮೀಟರ್ ನೂಲು, ಬಣ್ಣದ ಚೀಟಿಗಳು, ಅಳತೆಪಟ್ಟಿ

ಬೋಧನಾಭ್ಯಾಸದ ಮೊದಲ ವಾರ ಈ ಪಾಠ ಮಾಡಿದಾಗ ಐದು ಸಾಮೂಹಿಕ ಅಳಿವುಗಳ ಹೆಸರು, ಕಾಲ, ಕಾರಣಗಳನ್ನು ಕಪ್ಪುಹಲಗೆಯ ಮೇಲೆ ಪಟ್ಟಿ ಮಾಡಿದ್ದೆ. ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ, "ಸರ್, ಐದು ಸಲ ಅಳಿದ್ರೂ ಜೀವಿಗಳು ಮತ್ತೆ ಬಂದ್ವಲ್ಲ, ಈಗ ಅಳಿದ್ರೆ ಏನಾಯ್ತು?" ಎಂದಳು. ನಾನು ತಡವರಿಸಿದೆ. ಕಾಲವನ್ನು ಅಂಕಿಯಲ್ಲಿ ಬರೆದಿದ್ದೆನೇ ಹೊರತು ಅದರ ಉದ್ದವನ್ನು ತೋರಿಸಿರಲಿಲ್ಲ. ಇನ್ನೊಂದು ವಿಭಾಗಕ್ಕೆ ಪಾಠಯೋಜನೆಯನ್ನು ಬದಲಿಸಿದೆ.

ಚಟುವಟಿಕೆ: ನೂಲಿನ ಒಂದು ತುದಿ 'ಇಂದು'. 1 ಸೆಂ.ಮೀ. ಎಂದರೆ 10 ಲಕ್ಷ ವರ್ಷ. ಮಕ್ಕಳೇ ಅಳೆದು ಚೀಟಿ ಅಂಟಿಸುತ್ತಾರೆ.

ಆರ್ಡೋವಿಷಿಯನ್ ಅಂತ್ಯ – 445 ಸೆಂ.ಮೀ.
ಡೆವೋನಿಯನ್ ಕೊನೆಯ ಭಾಗ – 372 ಸೆಂ.ಮೀ.
ಪರ್ಮಿಯನ್ ಅಂತ್ಯ – 252 ಸೆಂ.ಮೀ.
ಟ್ರಯಾಸಿಕ್ ಅಂತ್ಯ – 201 ಸೆಂ.ಮೀ.
ಕ್ರಿಟೇಷಿಯಸ್ ಅಂತ್ಯ – 66 ಸೆಂ.ಮೀ.

ಬಳಿಕ ಎರಡು ಅಳತೆಗಳನ್ನು ಹೋಲಿಸಲು ಹೇಳಿದೆ. ಪರ್ಮಿಯನ್ ಅಳಿವಿನ ನಂತರ ಜೀವವೈವಿಧ್ಯ ಚೇತರಿಸಿಕೊಳ್ಳಲು ಸುಮಾರು 1 ಕೋಟಿ ವರ್ಷ ಹಿಡಿಯಿತೆಂಬ ಅಂದಾಜಿದೆ; ನೂಲಿನಲ್ಲಿ ಅದು 10 ಸೆಂ.ಮೀ. ಆಧುನಿಕ ಮಾನವ ಹುಟ್ಟಿ ಸುಮಾರು 3 ಲಕ್ಷ ವರ್ಷ. ಅದು ಬರೀ 3 ಮಿ.ಮೀ. "ಅಷ್ಟು ದಿನ ಕಾಯೋಕೆ ನಾವೇ ಇರಲ್ಲ, ಸರ್" ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಮೊದಲ ವಿಭಾಗದ ಪ್ರಶ್ನೆಗೆ ಅದೇ ಉತ್ತರ.

ಮನುಷ್ಯನ ಪಾತ್ರ: ಡಚ್ಚರು ಮಾರಿಷಸ್‌ಗೆ ಬಂದದ್ದು 1598ರಲ್ಲಿ; ಡೋಡೋ ಹಕ್ಕಿ ಕೊನೆಯದಾಗಿ ಕಂಡ ದಾಖಲೆ 1662ರದು. ಈ 64 ವರ್ಷಗಳನ್ನು ನೂಲಿನ ಮೇಲೆ ಸೂಜಿಮೊನೆಯಿಂದಲೂ ಗುರುತಿಸಲಾಗದು. ಭಾರತದಲ್ಲಿ ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧ, ಸತ್ತ ದನಗಳನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿತು. 1990ರ ದಶಕದಿಂದ ಅವುಗಳ ಸಂಖ್ಯೆ ಕುಸಿಯಿತು. ಕಾರಣ ತಿಳಿದ ಮೇಲೆ 2006ರಲ್ಲಿ ದನಗಳಿಗೆ ಆ ಔಷಧ ಬಳಸುವುದನ್ನು ನಿಷೇಧಿಸಲಾಯಿತು; 2012ರಲ್ಲಿ ರಾಮನಗರದ ರಾಮದೇವರ ಬೆಟ್ಟ ರಣಹದ್ದುಗಳ ಧಾಮವಾಯಿತು. ಉಲ್ಕೆಯನ್ನು ಯಾರೂ ತಡೆಯಲಾರರು, ಔಷಧವನ್ನು ತಡೆಯಬಹುದು.

ಗಮನಿಸಿ: 'ಆರನೆಯ ಮಹಾ ಅಳಿವು ಮುಗಿದಿದೆ' ಎಂದು ಕಲಿಸಬಾರದು. ಪ್ರಭೇದಗಳಲ್ಲಿ ಸುಮಾರು ಮುಕ್ಕಾಲು ಪಾಲು ಅಳಿದರೆ ಸಾಮೂಹಿಕ ಅಳಿವು ಎನ್ನುತ್ತಾರೆ. ನಾವಿನ್ನೂ ಅಲ್ಲಿಗೆ ಮುಟ್ಟಿಲ್ಲ; ಆದರೆ ಅಳಿವಿನ ವೇಗ ಸಹಜ ವೇಗಕ್ಕಿಂತ ಬಹಳ ಹೆಚ್ಚು.

ಮೌಲ್ಯಮಾಪನ: 1. ಸಹಜ ಅಳಿವಿಗೂ ಸಾಮೂಹಿಕ ಅಳಿವಿಗೂ ವ್ಯತ್ಯಾಸವೇನು? 2. ನಿಮ್ಮ ಊರಿನಲ್ಲಿ ಹಿರಿಯರು ಕಂಡಿದ್ದ, ನೀವು ಕಾಣದ ಒಂದು ಹಕ್ಕಿ ಅಥವಾ ಪ್ರಾಣಿ ಯಾವುದು? ಮನೆಯಲ್ಲಿ ಕೇಳಿ ಬನ್ನಿ.