ಚಿಕ್ಕ ಮಕ್ಕಳಿಗೆ ಜಾತಿಭೇದದ ವಿಷಯವನ್ನು ಮನೆಯಲ್ಲಿ ತಿಳಿಸುವ ಬಗೆ



ಐದು ವರ್ಷದ ಮಗುವಿಗೆ ಜಾತಿಯ ಮಾತೇಕೆ, ಬೆಳೆದ ಮೇಲೆ ತಾನಾಗಿ ತಿಳಿಯುವುದು ಎನ್ನುವ ತಾಯ್ತಂದೆಗಳು ಉಡಿಗಾಲದ ಸುತ್ತಮುತ್ತ ಅನೇಕರುಂಟು. ಅವರ ಉದ್ದೇಶವು ಒಳ್ಳೆಯದೇ. ಆದರೆ ಮಗುವು ಅಷ್ಟು ದಿನ ಕಾಯುವುದಿಲ್ಲ. ಅರಿಸಿನದ ಹೊಲದಿಂದ ಬಂದ ಆಳಿಗೆ ಜಗಲಿಯ ಮೇಲೆ ಬೇರೊಂದು ಲೋಟದಲ್ಲಿ ಕಾಫಿ ಕೊಡುವುದನ್ನೂ, ಆ ಲೋಟವನ್ನು ಅವನೇ ತೊಳೆದು ಹೊರಗಿಡುವುದನ್ನೂ ಅದು ನೋಡುತ್ತದೆ. ಯಾರೂ ಬಾಯಿ ತೆರೆಯಲಿಲ್ಲ, ಪಾಠವು ಆಗಿಹೋಯಿತು.

ಅಮೇರಿಕಾ ದೇಶದಲ್ಲಿ ಕೆನೆತ್ ಕ್ಲಾರ್ಕ್ ಮತ್ತು ಮೇಮೀ ಕ್ಲಾರ್ಕ್ ಎಂಬ ದಂಪತಿಗಳು 1940ರ ಸುಮಾರಿನಲ್ಲಿ 3ರಿಂದ 7 ವರ್ಷದ ಕಪ್ಪು ಜನಾಂಗದ ಮಕ್ಕಳ ಮುಂದೆ ಬಿಳಿಯ ಮತ್ತು ಕಂದು ಬಣ್ಣದ ಬೊಂಬೆಗಳನ್ನಿಟ್ಟು, ಒಳ್ಳೆಯ ಬೊಂಬೆ ಯಾವುದೆಂದು ಕೇಳಿದರು. ಹೆಚ್ಚಿನ ಮಕ್ಕಳು ಬಿಳಿಯದನ್ನೇ ತೋರಿಸಿದರು. ತಮ್ಮ ಮೈಬಣ್ಣವನ್ನೇ ಹೀಗಳೆಯಲು ಅವರು ಆಗಲೇ ಕಲಿತಿದ್ದರು. ನಮ್ಮಲ್ಲಿಯೂ ಹೆಣ್ಣುಮಗುವಿನ ಎದುರಿಗೇ "ಕಪ್ಪಗಿದ್ದಾಳೆ, ಮದುವೆಗೆ ಕಷ್ಟ" ಎನ್ನುವ ನೆಂಟರಿಗೆ ಕೊರತೆಯಿಲ್ಲವಷ್ಟೆ!

ದೂರದ ದೇಶವೇಕೆ? 2022ರ ನವೆಂಬರಿನಲ್ಲಿ ನಮ್ಮ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ, ಮದುವೆಗೆ ಬಂದಿದ್ದ ದಲಿತ ಮಹಿಳೆಯೊಬ್ಬರು ತೊಂಬೆಯ ನಲ್ಲಿಯಲ್ಲಿ ನೀರು ಕುಡಿದರೆಂದು, ತೊಂಬೆಯ ನೀರನ್ನೆಲ್ಲಾ ಹೊರಕ್ಕೆ ಬಿಟ್ಟು ಗೋಮೂತ್ರದಿಂದ ತೊಳೆದರು. ಸುದ್ದಿಯು ಹಬ್ಬಿದ ಬಳಿಕ ಅಧಿಕಾರಿಗಳು ಬಂದು ಊರಿನ ತೊಂಬೆಗಳಲ್ಲಿ ದಲಿತರಿಂದ ನೀರು ಕುಡಿಯಿಸಿದರು.

ಇಂಥ ಸುದ್ದಿಯನ್ನು ಕೇಳಿದ ಮಗುವು "ತೊಂಬೆಯನ್ನೇಕೆ ತೊಳೆದರಮ್ಮಾ?" ಎಂದು ಕೇಳಿದರೆ ಏನು ಹೇಳುವಿರಿ? "ಸುಮ್ಮನಿರು" ಎಂದರೆ, ಆಡಬಾರದ ಮಾತು ಯಾವುದೋ ಆ ಮಹಿಳೆಯಲ್ಲಿಯೇ ಇದೆಯೆಂದು ಅದು ತಿಳಿಯುವುದು. "ಎಲ್ಲರೂ ಒಂದೇ" ಎಂಬ ಉತ್ತರವೂ ಸಾಲದು. ಎಲ್ಲರನ್ನೂ ಒಂದೇ ರೀತಿ ನಡೆಸುತ್ತಿಲ್ಲವೆಂಬುದನ್ನು ಅದು ಕಣ್ಣಾರೆ ಕಂಡಿದೆ. "ನೀರಿಗೆ ಏನೂ ಆಗಿರಲಿಲ್ಲ, ಕಂದಾ. ಕುಡಿದವರನ್ನು ಕೀಳೆಂದು ಕೆಲವರು ಎಣಿಸಿದರು. ಅದು ಸುಳ್ಳು, ಅನ್ಯಾಯ" ಎಂದು ನೇರವಾಗಿ ಹೇಳಿರಿ. ತುಸು ದೊಡ್ಡ ಮಗುವಾದರೆ, 1950ನೆಯ ಜನವರಿ 26ರಿಂದ ಜಾರಿಯಲ್ಲಿರುವ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಮಾಡಿದೆಯೆಂಬುದನ್ನೂ ಸೇರಿಸಿರಿ.

ಆ ಅವಮಾನವು ಯಾರ ಬೀದಿಯ ಬಾಗಿಲಿಗೆ ಬರುವುದೋ ಅಂಥ ಮನೆಗಳ ತಾಯಂದಿರ ಹೊರೆ ಇನ್ನೂ ಭಾರವಾದುದು. ಯಾವ ಬೀದಿಯೆಂದು ಕೇಳಿದರೆ ಹೇಳಬೇಡವೆಂದು ಕೆಲವರು ಮಕ್ಕಳಿಗೆ ಕಲಿಸಿ ಕಳುಹಿಸುತ್ತಾರೆ. ಭಯವು ನಮಗೆ ಅರ್ಥವಾಗುತ್ತದೆ. ಆದರೆ ಬಚ್ಚಿಟ್ಟುಕೊಳ್ಳತಕ್ಕ ಕುಂದು ತನ್ನಲ್ಲಿಯೇ ಇದೆಯೆಂದು ಮಗುವು ನಂಬೀತು. ಅದಕ್ಕಿಂತ ಅಂಬೇಡ್ಕರರ ಬಾಲ್ಯದ ಕಥೆಯನ್ನು ಹೇಳುವುದು ಮೇಲು. 1901ರಲ್ಲಿ ಅವರು ಅಣ್ಣನೊಂದಿಗೆ ತಂದೆಯನ್ನು ಕಾಣಲು ಹೊರಟು, ಎತ್ತಿನ ಬಂಡಿಯ ಪ್ರಯಾಣದಲ್ಲಿ ಕುಡಿಯುವ ನೀರು ಸಿಕ್ಕದೆ, ಬುತ್ತಿಯಿದ್ದೂ ಹಸಿದು ಮಲಗಿದರು. ತಪ್ಪು ಯಾರದೆಂದು ಮಗುವನ್ನೇ ಕೇಳಿರಿ.

ಕ್ರೈಸ್ತ ಮನೆಗಳಲ್ಲಿ ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯವನ್ನು ಓದಬಹುದು. ಯೆಹೂದ್ಯರು ಸಮಾರ್ಯದವರೊಂದಿಗೆ ಬಳಕೆಯನ್ನಿಟ್ಟುಕೊಳ್ಳದ ಕಾಲದಲ್ಲಿ ಯೇಸುಸ್ವಾಮಿಯು ಸಮಾರ್ಯದ ಹೆಂಗಸಿಗೆ ನೀರು ಕೊಡಲಿಲ್ಲ. ಆಕೆಯನ್ನೇ ನೀರು ಕೇಳಿದನು. ಇದನ್ನು ಮಕ್ಕಳು ಬೇಗ ಗುರುತಿಸುತ್ತಾರೆ. ನಮ್ಮ ಸಭೆಗಳೇನೂ ನಿಷ್ಕಳಂಕವಲ್ಲ. ದಕ್ಷಿಣ ಭಾರತದ ಸಭೆಗಳಲ್ಲಿ ಜಾತಿಭೇದವು ಸಲ್ಲದೆಂದು ಬಿಷಪ್ ಡೇನಿಯಲ್ ವಿಲ್ಸನ್ ಅವರು 1833ರಲ್ಲಿ ಆಜ್ಞೆ ಮಾಡಬೇಕಾಯಿತು.

ಇನ್ನು ನಡೆವಳಿಕೆಯ ಮಾತು. ಆ ಬೇರೆ ಲೋಟವನ್ನು ಒಳಗಿನ ಲೋಟಗಳೊಡನೆ ಬೆರೆಸಿಬಿಡಿರಿ. ಕೆಲಸಕ್ಕೆ ಬರುವ ಹಿರಿಯರನ್ನು ಮಗುವು ಏಕವಚನದಲ್ಲಿ ಕರೆಯದೆ ಅಣ್ಣ, ಅಕ್ಕ, ತಾತ ಎನ್ನಲಿ. ಅಜ್ಜಿಯು ಒಪ್ಪದಿದ್ದರೆ ಮಗುವಿನ ಮುಂದೆ ಅವರನ್ನು ಜರೆಯಬೇಕಾಗಿಲ್ಲ. "ಅಜ್ಜಿಗೆ ಚಿಕ್ಕಂದಿನಲ್ಲಿ ಹಾಗೆ ಕಲಿಸಿದ್ದರು, ನಾವು ಹಾಗೆ ಮಾಡುವುದಿಲ್ಲ" ಎಂದು ಅವರಿಗೂ ಕೇಳಿಸುವಂತೆ ಹೇಳಿದರೆ ಸಾಕು.